ಆಡಮ್ ಆಸ್ಬಾರ್ನ್ ಅವರನ್ನು ಒಂದು ತಪ್ಪಿನ ಹೆಸರಿನಿಂದಷ್ಟೇ ನೆನೆಯಬೇಕೆ?

ಹಳೇಕೀಲಿಮಣೆ (ಚರ್ಚೆಯನ್ನು ಆರಂಭಿಸಿದವರು)

ಎಲ್ಲ ಸದಸ್ಯರಿಗೆ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ಗಣಕ ವಿಜ್ಞಾನ ಕಲಿಸಿ ನಿವೃತ್ತನಾದವನು. ಅಲ್ಲಿನ ವಿದ್ಯಾರ್ಥಿಗಳು ವೈಯಕ್ತಿಕ ಕಂಪ್ಯೂಟರಿನ ಚರಿತ್ರೆಯನ್ನು ಕುರಿತು ಒಂದು ಪ್ರದರ್ಶನ ಸಿದ್ಧಪಡಿಸುತ್ತಿದ್ದು, ಫಲಕಗಳ ಬರಹವನ್ನು ತಿದ್ದಿಕೊಡಬೇಕೆಂದು ನನ್ನನ್ನು ಕೇಳಿದ್ದಾರೆ. ಆಡಮ್ ಆಸ್ಬಾರ್ನ್ ಅವರ ಫಲಕದಲ್ಲಿ ಎರಡೇ ವಾಕ್ಯಗಳಿದ್ದವು. 1981ರಲ್ಲಿ ಹೊತ್ತೊಯ್ಯಬಹುದಾದ ಕಂಪ್ಯೂಟರ್ ತಯಾರಿಸಿದರು ಎಂಬುದು ಒಂದು. ಹೊಸ ಮಾದರಿ ಸಿದ್ಧವಾಗುವ ಮೊದಲೇ ಅದನ್ನು ಘೋಷಿಸಿದ್ದರಿಂದ ಹಳೆಯ ಮಾದರಿಯ ಮಾರಾಟ ನಿಂತು ದಿವಾಳಿಯಾದರು, ಇದಕ್ಕೆ ‘ಆಸ್ಬಾರ್ನ್ ಪರಿಣಾಮ’ ಎನ್ನುತ್ತಾರೆ ಎಂಬುದು ಇನ್ನೊಂದು.

ಬರೆದ ಹುಡುಗಿಯ ತಪ್ಪಲ್ಲ. ಎಲ್ಲಿ ಹುಡುಕಿದರೂ ಮೊದಲು ಸಿಗುವುದು ಇಷ್ಟೇ. ಆದರೆ ಆ ಫಲಕವನ್ನು ಓದಿದಾಗ ನನಗೆ ನಿಜಕ್ಕೂ ನೋವಾಯಿತು. ಒಬ್ಬ ಮನುಷ್ಯನ ಅರವತ್ತನಾಲ್ಕು ವರ್ಷಗಳ ಬದುಕಿನಲ್ಲಿ ನಡೆದ ಒಂದು ವ್ಯಾಪಾರೀ ಎಡವಟ್ಟನ್ನೇ ಅವನ ಹೆಸರಾಗಿಸಿಬಿಟ್ಟಿದ್ದೇವೆ, ಅದೂ ಆ ಎಡವಟ್ಟೇ ದಿವಾಳಿಗೆ ಕಾರಣವೆಂದು ಖಚಿತವಾಗಿ ಹೇಳಲಾಗದಿರುವಾಗ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಸ್ಬಾರ್ನ್ ಮೂಲತಃ ಬರಹಗಾರ. ಕಂಪ್ಯೂಟರನ್ನು ಕೊಳ್ಳುವವನಿಗೆ ಅದು ಅರ್ಥವಾಗಬೇಕು, ಮನೆಗೆ ಒಯ್ದ ದಿನವೇ ಕೆಲಸಕ್ಕೆ ಬರಬೇಕು ಎಂದು ಪಟ್ಟುಹಿಡಿದ ಮೊದಲಿಗರಲ್ಲಿ ಒಬ್ಬರು. ಅವರ ಯಂತ್ರ ಆ ಪಟ್ಟಿನ ಫಲ. ಹೊತ್ತೊಯ್ಯಲು ಅದಕ್ಕೊಂದು ಹಿಡಿ ಇದ್ದದ್ದು ಎರಡನೆಯ ಮಾತು.

ಹಿನ್ನೆಲೆಯನ್ನು ಗಮನಿಸಿ. ಅವರು ಹುಟ್ಟಿದ್ದು 1939ರ ಮಾರ್ಚ್ 6ರಂದು ಬ್ಯಾಂಕಾಕಿನಲ್ಲಿ. ತಂದೆ ಇಂಗ್ಲಿಷರು, ತಾಯಿ ಪೋಲೆಂಡಿನವರು. ಬಾಲ್ಯ ಕಳೆದದ್ದು ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ. ಹನ್ನೊಂದರ ಆಸುಪಾಸಿನಲ್ಲಿ ಇಂಗ್ಲೆಂಡಿಗೆ ಹೋಗಿ, 1961ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ರಾಸಾಯನಿಕ ಎಂಜಿನಿಯರಿಂಗ್ ಪದವಿ ಪಡೆದು, ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮುಗಿಸಿದರು. ಶೆಲ್ ತೈಲ ಕಂಪನಿಯ ಕೆಲಸ ಅವರನ್ನು ಕ್ಯಾಲಿಫೋರ್ನಿಯಾಕ್ಕೆ ಕರೆದೊಯ್ದಿತು. 1970ರ ದಶಕದ ಆರಂಭದಲ್ಲಿ ಆ ಕೆಲಸ ಬಿಟ್ಟು, ಕಂಪ್ಯೂಟರ್ ಕಂಪನಿಗಳಿಗೆ ಕೈಪಿಡಿಗಳನ್ನು ಬರೆದುಕೊಡುವ ಸಣ್ಣ ಉದ್ಯಮ ಕಟ್ಟಿದರು.

ಆಗಿನ ಕೈಪಿಡಿಗಳನ್ನು ಎಂಜಿನಿಯರುಗಳು ಎಂಜಿನಿಯರುಗಳಿಗಾಗಿಯೇ ಬರೆಯುತ್ತಿದ್ದರು. 1975ರಲ್ಲಿ ಆಲ್ಟೇರ್ 8800 ಎಂಬ ಕಂಪ್ಯೂಟರ್ ಬಂದು, ಮನೆಯಲ್ಲಿ ಕೂತು ಬೆಸುಗೆ ಹಾಕಿ ಕಂಪ್ಯೂಟರ್ ಜೋಡಿಸುವ ಹವ್ಯಾಸಿಗಳ ಪಡೆಯೇ ಹುಟ್ಟಿಕೊಂಡಾಗ, ಆಸ್ಬಾರ್ನ್ ಮೈಕ್ರೋಪ್ರೊಸೆಸರ್ ಎಂದರೇನೆಂದು ಬುಡದಿಂದ ವಿವರಿಸುವ ಪುಸ್ತಕವನ್ನು ತಾವೇ ಅಚ್ಚುಹಾಕಿಸಿದರು. ಐಎಂಎಸ್‌ಎಐ ಎಂಬ ಕಂಪನಿ ತನ್ನ ಯಂತ್ರದ ಜೊತೆಗೇ ಆ ಪುಸ್ತಕವನ್ನು ಕೊಡತೊಡಗಿತು. ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಎಂಬ ಹವ್ಯಾಸಿಗಳ ಸಂಘದ ಸಭೆಗಳಿಗೆ ಅವರು ಪುಸ್ತಕಗಳ ಪೆಟ್ಟಿಗೆ ಹೊತ್ತು ಹೋಗಿ ಮಾರುತ್ತಿದ್ದರು. 1979ರಲ್ಲಿ ಈ ಪ್ರಕಾಶನವನ್ನು ಮೆಕ್‌ಗ್ರಾ-ಹಿಲ್ ಸಂಸ್ಥೆ ಕೊಂಡುಕೊಂಡಿತು.

ನಾವು ಎಂಬತ್ತರ ದಶಕದಲ್ಲಿ ಪಾಠ ಮಾಡಲು ನಿಂತಾಗ ಕಾಲೇಜಿನ ಗ್ರಂಥಾಲಯದಲ್ಲಿ ‘ಆಸ್ಬಾರ್ನ್/ಮೆಕ್‌ಗ್ರಾ-ಹಿಲ್’ ಎಂದು ಬೆನ್ನಿನ ಮೇಲೆ ಅಚ್ಚಾಗಿದ್ದ ಪುಸ್ತಕಗಳ ಸಾಲೇ ಇತ್ತು. ಆಸ್ಬಾರ್ನ್ ಎಂಬುದು ಒಬ್ಬ ಮನುಷ್ಯನ ಹೆಸರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಸದಸ್ಯರು ತಮಗೆ ತಿಳಿದದ್ದನ್ನು ಹಂಚಿಕೊಂಡರೆ ಫಲಕವನ್ನು ಸರಿಯಾಗಿ ಬರೆಸಬಹುದು. ಭಿನ್ನಾಭಿಪ್ರಾಯಗಳಿಗೂ ಸ್ವಾಗತ.

ಬೆಸುಗೆಗಾರ

ಗುರುಗಳಿಗೆ ನಮಸ್ಕಾರ. ನಾನು ಹಳೆಯ ಕಂಪ್ಯೂಟರುಗಳ ದುರಸ್ತಿಯನ್ನು ಹವ್ಯಾಸವಾಗಿ ಮಾಡುವವನು. ಆಸ್ಬಾರ್ನ್ 1 ಯಂತ್ರವೊಂದನ್ನು ಬಿಚ್ಚಿ ನೋಡುವ ಅವಕಾಶ ಪರಿಚಿತ ಸಂಗ್ರಾಹಕರೊಬ್ಬರ ಮನೆಯಲ್ಲಿ ಸಿಕ್ಕಿತ್ತು. ಯಂತ್ರದ ಒಳಗನ್ನು ನೋಡಿದವರಿಗೆ ನಿಮ್ಮ ಮಾತು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಮುಚ್ಚಿದಾಗ ಅದು ಹೊಲಿಗೆ ಯಂತ್ರದ ಪೆಟ್ಟಿಗೆಯಂತೆ ಕಾಣುತ್ತದೆ. ತೂಕ 24.5 ಪೌಂಡ್, ಅಂದರೆ ಸುಮಾರು 11 ಕಿಲೋ. ಎತ್ತಿಕೊಂಡು ಮಹಡಿ ಹತ್ತಿದರೆ ತೋಳು ನೋಯುತ್ತದೆ. ವಿಮಾನದ ಆಸನದ ಕೆಳಗೆ ಹಿಡಿಸಬೇಕೆಂಬ ಅಳತೆಯಲ್ಲಿ ಮಾಡಿದ್ದು. ಮುಚ್ಚಳವನ್ನು ತೆಗೆದರೆ ಅದೇ ಕೀಲಿಮಣೆ. ನಡುವೆ ಐದಿಂಚಿನ ಪುಟ್ಟ ಪರದೆ, ಅದರ ಎರಡೂ ಬದಿಗೆ ಐದೂಕಾಲು ಇಂಚಿನ ಫ್ಲಾಪಿ ಡ್ರೈವುಗಳು, ಅವುಗಳ ಕೆಳಗೆ ಫ್ಲಾಪಿಗಳನ್ನು ಇಟ್ಟುಕೊಳ್ಳಲು ಗೂಡುಗಳು. 4 ಮೆಗಾಹರ್ಟ್ಸ್ ವೇಗದ ಝಡ್-80 ಪ್ರೊಸೆಸರ್, 64 ಕಿಲೋಬೈಟ್ ಸ್ಮೃತಿ, ಸಿಪಿ/ಎಂ ಕಾರ್ಯಾಚರಣೆ ವ್ಯವಸ್ಥೆ. ಒಳಗೆ ಬ್ಯಾಟರಿ ಇಲ್ಲ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಮಾತ್ರ ಕೆಲಸ.

ಒಂದೊಂದು ಫ್ಲಾಪಿಯಲ್ಲಿ ಬಳಕೆಗೆ ಸಿಗುತ್ತಿದ್ದುದು ಸುಮಾರು 92 ಕಿಲೋಬೈಟ್. ಇಂದಿನ ಯೂನಿಕೋಡ್ ಲೆಕ್ಕದಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್ ಬೇಕಾದ್ದರಿಂದ, ಆ ಒಂದು ಫ್ಲಾಪಿಯಲ್ಲಿ ಕನ್ನಡದ ಮೂವತ್ತೊಂದು ಸಾವಿರ ಸಂಕೇತಗಳಷ್ಟೇ ಹಿಡಿಯುತ್ತವೆ. ಸಣ್ಣಕತೆಯೊಂದಕ್ಕೆ ಸಾಕು, ಕಾದಂಬರಿಗೆ ಸಾಲದು.

ಇದನ್ನು ವಿನ್ಯಾಸ ಮಾಡಿದವರು ಲೀ ಫೆಲ್ಸೆನ್‌ಸ್ಟೀನ್ ಎಂಬುದನ್ನು ಫಲಕದಲ್ಲಿ ದಯವಿಟ್ಟು ಸೇರಿಸಿ. ಹೋಮ್‌ಬ್ರೂ ಕ್ಲಬ್ಬಿನ ಸಭೆಗಳನ್ನು ನಡೆಸಿಕೊಡುತ್ತಿದ್ದವರು ಅವರೇ. ಸೋಲ್-20 ಕಂಪ್ಯೂಟರನ್ನು ವಿನ್ಯಾಸಗೊಳಿಸಿದವರೂ ಅವರೇ. ಅದಕ್ಕೂ ಮೊದಲು, 1973ರಲ್ಲಿ, ಬರ್ಕ್ಲಿಯ ಒಂದು ಗ್ರಾಮೊಫೋನ್ ತಟ್ಟೆಗಳ ಅಂಗಡಿಯಲ್ಲಿ ಸಾರ್ವಜನಿಕರ ಬಳಕೆಗೆ ಕಂಪ್ಯೂಟರ್ ಟರ್ಮಿನಲ್ ಇಟ್ಟ ‘ಕಮ್ಯೂನಿಟಿ ಮೆಮೊರಿ’ ತಂಡದಲ್ಲಿ ಅವರಿದ್ದರು. ಯಂತ್ರವು ಜನಸಾಮಾನ್ಯರ ಕೈಗೆ ಸಿಗಬೇಕೆಂಬ ಹಂಬಲ ಅವರಲ್ಲಿ ಆಗಲೇ ಇತ್ತು. ಆಸ್ಬಾರ್ನ್ ಬೇಡಿಕೆಯನ್ನು ಮುಂದಿಟ್ಟರು, ಫೆಲ್ಸೆನ್‌ಸ್ಟೀನ್ ಅದನ್ನು ತಾಮ್ರ, ತವರ, ಪ್ಲಾಸ್ಟಿಕ್ಕುಗಳಲ್ಲಿ ಸಾಧ್ಯವಾಗಿಸಿದರು.

ಪ್ರಥಮವರ್ಷ

ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಹಿರಿಯರು ಕ್ಷಮಿಸಬೇಕು, ಎರಡು ಪ್ರಶ್ನೆಗಳಿವೆ. ಐದಿಂಚಿನ ಪರದೆಯಲ್ಲಿ ಒಂದು ಸಾಲಿಗೆ ಎಷ್ಟು ಅಕ್ಷರಗಳು ಹಿಡಿಯುತ್ತಿದ್ದವು? ಅದರಲ್ಲಿ ಪತ್ರ ಬರೆಯಲು ಆಗುತ್ತಿತ್ತೆ?

ಬೆಸುಗೆಗಾರ

ತಂಗಿ, ಕ್ಷಮೆ ಕೇಳುವ ಅಗತ್ಯವೇ ಇಲ್ಲ. ಈ ಯಂತ್ರದ ಜೀವಾಳವೇ ನಿಮ್ಮ ಪ್ರಶ್ನೆಯಲ್ಲಿದೆ.

ಪರದೆಯಲ್ಲಿ ಕಾಣುತ್ತಿದ್ದುದು ಸಾಲಿಗೆ 52 ಅಕ್ಷರ, ಒಟ್ಟು 24 ಸಾಲು. ಆ ಕಾಲದ ಪತ್ರಗಳಿಗೂ ಲೆಕ್ಕದ ಹಾಳೆಗಳಿಗೂ (ಸ್ಪ್ರೆಡ್‌ಶೀಟ್) ಸಾಲಿಗೆ 80 ಅಕ್ಷರ ಬೇಕಿತ್ತು. ಐದಿಂಚಿನಲ್ಲಿ 80 ಅಕ್ಷರ ತುರುಕಿದರೆ ಕಣ್ಣಿಗೆ ಕಾಣದು. ಫೆಲ್ಸೆನ್‌ಸ್ಟೀನ್ ಮಾಡಿದ್ದೇನೆಂದರೆ, ಪರದೆಗಾಗಿ ಮೀಸಲಿಟ್ಟ ಸ್ಮೃತಿಯನ್ನು ಸಾಲಿಗೆ 128 ಅಕ್ಷರದಂತೆ 32 ಸಾಲುಗಳಿಗೆ ಹರಡಿದರು. ಗುಣಿಸಿದರೆ ಸರಿಯಾಗಿ 4,096, ಅಂದರೆ 4 ಕಿಲೋಬೈಟ್. ಪರದೆಯು ಆ ದೊಡ್ಡ ಹಾಳೆಯ ಮೇಲೆ ಓಡಾಡುವ ಒಂದು ಕಿಟಕಿಯಷ್ಟೇ. ಕಂಟ್ರೋಲ್ ಕೀಲಿಯೊಡನೆ ಬಾಣದ ಕೀಲಿ ಒತ್ತಿದರೆ ಕಿಟಕಿ ಎಡಕ್ಕೋ ಬಲಕ್ಕೋ ಸರಿಯುತ್ತಿತ್ತು. ದೊಡ್ಡ ನಕ್ಷೆಯ ಮೇಲೆ ಭೂತಗನ್ನಡಿ ಸರಿಸಿದಂತೆ ಎಂದುಕೊಳ್ಳಿ. ಪತ್ರ ಬರೆಯಲು ಖಂಡಿತ ಆಗುತ್ತಿತ್ತು, ಪತ್ರಕರ್ತರೂ ಲೇಖಕರೂ ಇದರಲ್ಲಿ ಬರೆದಿದ್ದಾರೆ.

ಇಲ್ಲಿ ಆಸ್ಬಾರ್ನರ ನಿಲುವನ್ನೂ ಹೇಳಬೇಕು. ಅತ್ಯುತ್ತಮವಾದದ್ದನ್ನು ಕೊಡಹೊರಟು ಬೆಲೆಯನ್ನು ಮುಗಿಲಿಗೇರಿಸುವುದಕ್ಕಿಂತ, ಕೆಲಸಕ್ಕೆ ಸಾಕಾಗುವಷ್ಟನ್ನು ಕೈಗೆಟುಕುವ ಬೆಲೆಗೆ ಕೊಡಬೇಕು ಎಂಬುದು ಅವರ ವಾದವಾಗಿತ್ತು. 52 ಅಕ್ಷರಗಳ ಪರದೆ ಆ ವಾದದ ಶಿಶು.

ಹಳೇಕೀಲಿಮಣೆ

ಬೆಸುಗೆಗಾರರೇ, ಧನ್ಯವಾದಗಳು. ಬೆಲೆಯ ವಿಷಯಕ್ಕೆ ನೀವು ಬಂದದ್ದರಿಂದ ನಾನು ಬಿಟ್ಟಿದ್ದ ಎಳೆಯನ್ನು ಹಿಡಿಯುತ್ತೇನೆ.

1981ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೆಸ್ಟ್ ಕೋಸ್ಟ್ ಕಂಪ್ಯೂಟರ್ ಮೇಳದಲ್ಲಿ ಆಸ್ಬಾರ್ನ್ 1 ಪ್ರದರ್ಶನಗೊಂಡಾಗ ಜನರನ್ನು ನಿಲ್ಲಿಸಿದ್ದು 1,795 ಡಾಲರ್ ಎಂಬ ಅಂಕಿ. ಹೊತ್ತೊಯ್ಯುವ ಯಂತ್ರಗಳು ಮೊದಲೂ ಇದ್ದವು. 1975ರ ಐಬಿಎಂ 5100 ಯಂತ್ರ ಸುಮಾರು 25 ಕಿಲೋ ತೂಗುತ್ತಿತ್ತು, ಬೆಲೆ ಸಾವಿರಾರು ಡಾಲರುಗಳಲ್ಲಿತ್ತು. ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದಲ್ಲಿ 1978ರಲ್ಲಿ ನೋಟ್‌ಟೇಕರ್ ಎಂಬ ಮಾದರಿ ತಯಾರಾಗಿತ್ತು, ಆದರೆ ಅದು ಮಾರುಕಟ್ಟೆಗೆ ಬರಲೇ ಇಲ್ಲ. ಮಾರುಕಟ್ಟೆಯಲ್ಲಿ ಯಶಸ್ಸು ಕಂಡ ಮೊದಲ ಹೊತ್ತೊಯ್ಯುವ ವೈಯಕ್ತಿಕ ಕಂಪ್ಯೂಟರ್ ಎಂದರೆ ಆಸ್ಬಾರ್ನ್ 1 ಎಂಬುದನ್ನು ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ.

1,795 ಡಾಲರಿನೊಳಗೆ ಏನೇನಿತ್ತು? ಪರದೆ, ಎರಡು ಡ್ರೈವು, ಕೀಲಿಮಣೆ. ಬರವಣಿಗೆಗೆ ವರ್ಡ್‌ಸ್ಟಾರ್, ಲೆಕ್ಕದ ಹಾಳೆಗೆ ಸೂಪರ್‌ಕ್ಯಾಲ್ಕ್, ಜೊತೆಗೆ ಎರಡು ಬಗೆಯ ಬೇಸಿಕ್ ಭಾಷೆ. ಈ ತಂತ್ರಾಂಶಗಳನ್ನು ಬಿಡಿಬಿಡಿಯಾಗಿ ಕೊಂಡರೆ ಸುಮಾರು 1,500 ಡಾಲರ್ ಆಗುತ್ತಿತ್ತು. ಆಗ ಕಂಪ್ಯೂಟರ್ ಬೇಕೆಂದವನು ಯಂತ್ರವನ್ನೊಂದು ಕಡೆ, ಪರದೆಯನ್ನೊಂದು ಕಡೆ, ತಂತ್ರಾಂಶವನ್ನು ಮತ್ತೊಂದು ಕಡೆ ಕೊಂಡು, ಅವೆಲ್ಲ ಒಂದಕ್ಕೊಂದು ಹೊಂದಿಕೊಳ್ಳಲಿ ಎಂದು ಹಾರೈಸಬೇಕಿತ್ತು. ಆಸ್ಬಾರ್ನ್ ತಮ್ಮ ಪತ್ರಿಕಾ ಅಂಕಣಗಳಲ್ಲಿ ವರ್ಷಗಟ್ಟಲೆ ಟೀಕಿಸಿದ್ದು ಇದನ್ನೇ. ಸಿಪಿ/ಎಂ ತಯಾರಿಸಿದ ಡಿಜಿಟಲ್ ರಿಸರ್ಚಿನ ಗ್ಯಾರಿ ಕಿಲ್ಡಾಲ್, ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್, ವರ್ಡ್‌ಸ್ಟಾರ್ ತಯಾರಿಸಿದ ಮೈಕ್ರೋಪ್ರೊದ ಸೀಮೋರ್ ರೂಬಿನ್‌ಸ್ಟೀನ್ ಇವರೆಲ್ಲ ಅವರಿಗೆ ಕ್ಲಬ್ಬು, ಮೇಳ, ಅಂಕಣಗಳ ಮೂಲಕ ಪರಿಚಿತರು. ಕೆಲವರಿಗೆ ಕಂಪನಿಯ ಷೇರುಗಳನ್ನು ಕೊಟ್ಟು, ತಂತ್ರಾಂಶವನ್ನು ಅತಿ ಕಡಿಮೆ ಬೆಲೆಗೆ ಪಡೆದುಕೊಂಡರು. ಇಂದು ಲ್ಯಾಪ್‌ಟಾಪ್ ಕೊಂಡರೆ ತಂತ್ರಾಂಶ ಒಳಗೇ ಇರಬೇಕೆಂದು ನಾವು ಸಹಜವಾಗಿ ನಿರೀಕ್ಷಿಸುತ್ತೇವೆ. ಆಗ ಅದು ಸಹಜವಾಗಿರಲಿಲ್ಲ.

ಲೆಕ್ಕಪತ್ರ

ಸನ್ಮಾನ್ಯ ಹಳೇಕೀಲಿಮಣೆ ಅವರಿಗೆ ಗೌರವಪೂರ್ವಕವಾಗಿ ನನ್ನ ಭಿನ್ನಾಭಿಪ್ರಾಯ. ವೃತ್ತಿಯಿಂದ ನಾನು ಲೆಕ್ಕ ಪರಿಶೋಧಕ. ಅನುಕಂಪದ ಭರದಲ್ಲಿ ನಾವು ಆಸ್ಬಾರ್ನರ ತಪ್ಪುಗಳನ್ನು ಮುಚ್ಚಬಾರದು.

ಕ್ಯಾಲಿಫೋರ್ನಿಯಾದ ಹೇವರ್ಡ್ ಊರಿನಲ್ಲಿದ್ದ ಆಸ್ಬಾರ್ನರ ಕಂಪನಿಯ ವಹಿವಾಟು 1981ರಲ್ಲಿ ಸುಮಾರು 60 ಲಕ್ಷ ಡಾಲರ್ ಇದ್ದದ್ದು 1982ರಲ್ಲಿ ಸುಮಾರು 7 ಕೋಟಿ ಡಾಲರಿಗೆ ಏರಿತು. ಉಚ್ಛ್ರಾಯದಲ್ಲಿ ತಿಂಗಳಿಗೆ 10,000 ಯಂತ್ರಗಳು ಮಾರಾಟವಾದವು. ಒಂದೇ ವರ್ಷದಲ್ಲಿ ಹತ್ತು ಪಟ್ಟಿಗಿಂತ ಹೆಚ್ಚು ಬೆಳೆದ ಸಂಸ್ಥೆಗೆ ಲೆಕ್ಕದ ಶಿಸ್ತು ಬೇಕಿತ್ತು, ಅದು ಇರಲಿಲ್ಲ. ಗೋದಾಮಿನಲ್ಲಿ ಎಷ್ಟು ಸರಕಿದೆ, ಯಾರಿಗೆ ಎಷ್ಟು ಕೊಡಬೇಕು ಎಂಬುದು ಆಡಳಿತದವರಿಗೇ ಸರಿಯಾಗಿ ತಿಳಿದಿರಲಿಲ್ಲ. 1983ರ ಜನವರಿಯಲ್ಲಿ ಆಹಾರೋತ್ಪನ್ನಗಳ ದೊಡ್ಡ ಕಂಪನಿಯೊಂದರಿಂದ ರಾಬರ್ಟ್ ಜಾನಿಕ್ ಎಂಬವರನ್ನು ಅಧ್ಯಕ್ಷರಾಗಿ ಕರೆತಂದರು. ಆ ವಸಂತದಲ್ಲಿ ಷೇರುಗಳನ್ನು ಸಾರ್ವಜನಿಕರಿಗೆ ನೀಡುವ ಯೋಜನೆ ಸಿದ್ಧವಾಗಿತ್ತು. ಲೆಕ್ಕ ಬಿಡಿಸುತ್ತ ಹೋದಂತೆ ಲಾಭವೆಂದುಕೊಂಡದ್ದು ನಷ್ಟವಾಗಿ ಹೊರಬಿದ್ದು ಯೋಜನೆಯನ್ನು ಕೈಬಿಡಬೇಕಾಯಿತು. 1983ರ ಸೆಪ್ಟೆಂಬರ್ 13ರಂದು ಕಂಪನಿ ನ್ಯಾಯಾಲಯದ ಮುಂದೆ ದಿವಾಳಿ ಅರ್ಜಿ ಸಲ್ಲಿಸಿದಾಗ ಸಾಲ ಕೊಟ್ಟಿದ್ದ ಸುಮಾರು 600 ಮಂದಿಗೆ ಕೊಡಬೇಕಿದ್ದದ್ದು 4.5 ಕೋಟಿ ಡಾಲರ್.

ಆಸ್ಬಾರ್ನ್ ಪರಿಣಾಮ ಎಂಬುದು ಕಟ್ಟುಕತೆಯಲ್ಲ. 2011ರ ಫೆಬ್ರವರಿಯಲ್ಲಿ ನೋಕಿಯಾ ತನ್ನ ಸಿಂಬಿಯನ್ ವ್ಯವಸ್ಥೆಯನ್ನು ಬಿಟ್ಟು ವಿಂಡೋಸ್ ಫೋನಿಗೆ ಹೋಗುವುದಾಗಿ ಘೋಷಿಸಿತು; ಹೊಸ ಫೋನುಗಳು ಬರಲು ತಿಂಗಳುಗಳೇ ಹಿಡಿದವು, ಅಷ್ಟರಲ್ಲಿ ಹಳೆಯ ಫೋನುಗಳ ಮಾರಾಟ ಕುಸಿಯಿತು. ನಮ್ಮ ಊರಿನ ಮೊಬೈಲ್ ಅಂಗಡಿಗಳಲ್ಲೂ ಅದನ್ನು ಕಂಡಿದ್ದೇವೆ. ಆ ಎಚ್ಚರಿಕೆಗೆ ಒಂದು ಹೆಸರು ಬೇಕು, ಆಸ್ಬಾರ್ನ್ ಅವರ ಹೆಸರು ಅಲ್ಲಿ ಉಳಿದಿದೆ. ಅದರಿಂದ ಅವರಿಗೆ ಅನ್ಯಾಯವಾಯಿತೆಂದು ನನಗನ್ನಿಸುವುದಿಲ್ಲ.

ಹಳೇಕೀಲಿಮಣೆ

ಲೆಕ್ಕಪತ್ರ ಅವರೇ, ನೀವು ಕೊಟ್ಟ ಅಂಕಿಗಳನ್ನೆಲ್ಲ ಒಪ್ಪುತ್ತೇನೆ. ಆದರೆ ಅವೇ ಅಂಕಿಗಳು ನನ್ನ ಮಾತಿಗೂ ಸಾಕ್ಷಿಯಾಗುತ್ತವೆ. ಲೆಕ್ಕದ ಶಿಸ್ತಿಲ್ಲದಿರುವುದು, ಸರಕಿನ ಮೇಲೆ ಹಿಡಿತವಿಲ್ಲದಿರುವುದು, ಷೇರು ಯೋಜನೆ ಬಿದ್ದುಹೋದದ್ದು ಇವೆಲ್ಲ ಮುಂಚಿತ ಘೋಷಣೆಯ ಫಲಗಳಲ್ಲ. ಹಾಗಿದ್ದಮೇಲೆ ಕಂಪನಿಯ ಪತನವನ್ನು ಒಂದು ಘೋಷಣೆಯ ತಲೆಗೆ ಕಟ್ಟುವುದು ಹೇಗೆ?

ಹೊರಗಿನ ಸ್ಪರ್ಧೆಯನ್ನೂ ನೋಡಬೇಕು. 1982ರಲ್ಲಿ ಆಂಡ್ರ್ಯೂ ಕೇ ಅವರ ಕೇಪ್ರೊ ಯಂತ್ರ ಬಂತು. ಡಿಜಿಟಲ್ ವೋಲ್ಟ್‌ಮೀಟರನ್ನು ರೂಪಿಸಿ ಹೆಸರಾಗಿದ್ದ ಎಂಜಿನಿಯರ್ ಅವರು. ಆಸ್ಬಾರ್ನ್ ಯಂತ್ರದ ಬೆಲೆಯ ಆಸುಪಾಸಿನಲ್ಲೇ ಒಂಬತ್ತಿಂಚಿನ ಪರದೆ, ಪೂರ್ತಿ 80 ಅಕ್ಷರದ ಸಾಲು. ಅಂಗಡಿಯ ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟರೆ ಗ್ರಾಹಕನ ಕಣ್ಣು ಎತ್ತ ಹೋಗುತ್ತದೆಂದು ಹೇಳಬೇಕಿಲ್ಲ. ಅಷ್ಟರಲ್ಲಿ 1981ರ ಆಗಸ್ಟಿನಲ್ಲಿ ಬಂದಿದ್ದ ಐಬಿಎಂ ಪಿಸಿ ಬೇರೂರುತ್ತಿತ್ತು. 1982ರ ನವೆಂಬರಿನಲ್ಲಿ ಕಾಂಪ್ಯಾಕ್ ಕಂಪನಿ ಐಬಿಎಂ ಯಂತ್ರದ ತಂತ್ರಾಂಶಗಳನ್ನೇ ಓಡಿಸಬಲ್ಲ ಹೊತ್ತೊಯ್ಯುವ ಯಂತ್ರವನ್ನು ಪ್ರಕಟಿಸಿತು. 1983ರಲ್ಲಿ ಅದರ ಮಾರಾಟ 11 ಕೋಟಿ ಡಾಲರನ್ನು ಮೀರಿತು. ಬೆಲೆ ಆಸ್ಬಾರ್ನ್ ಯಂತ್ರಕ್ಕಿಂತ ಬಹಳ ಹೆಚ್ಚಿದ್ದರೂ ಜನ ಕೊಂಡರು. ಸಿಪಿ/ಎಂ ಕಾಲ ಮುಗಿಯುತ್ತಿತ್ತು, ಆಸ್ಬಾರ್ನ್ ಅದನ್ನು ತಡವಾಗಿ ಗುರುತಿಸಿದರು. ನನ್ನ ತೀರ್ಮಾನದಲ್ಲಿ ಅವರ ದೊಡ್ಡ ತಪ್ಪು ಇದು. ಏಳಿಂಚಿನ ಪರದೆಯ ಎಕ್ಸಿಕ್ಯುಟಿವ್ ಎಂಬ ಹೊಸ ಮಾದರಿಯನ್ನು 2,495 ಡಾಲರಿಗೆ ತಂದಾಗಲೂ ಅದರಲ್ಲಿ ಸಿಪಿ/ಎಂ ವ್ಯವಸ್ಥೆಯೇ ಇತ್ತು.

ಇನ್ನೊಂದು ವಿವರಣೆಯೂ ಪ್ರಚಾರದಲ್ಲಿದೆ. ಹೊಸ ಮಾದರಿ ಮಾರಾಟವಾಗತೊಡಗಿದ ಮೇಲೆ, ಹಳೆಯ ಮಾದರಿಯ ಸುಮಾರು 1,50,000 ಡಾಲರ್ ಬೆಲೆಯ ಮದರ್‌ಬೋರ್ಡುಗಳು ಗೋದಾಮಿನಲ್ಲಿ ಉಳಿದಿರುವುದು ಪತ್ತೆಯಾಯಿತಂತೆ. ಅವನ್ನು ಎಸೆಯಲು ಮನಸ್ಸಾಗದೆ ಪೂರ್ಣ ಯಂತ್ರಗಳನ್ನಾಗಿಸಲು ಹೊರಟು, ಪೆಟ್ಟಿಗೆ, ಪರದೆ, ಡ್ರೈವುಗಳಿಗಾಗಿ ಸುಮಾರು 20 ಲಕ್ಷ ಡಾಲರ್ ಸುರಿದರಂತೆ. ಇದು ನಿಜವಾಗಿದ್ದಲ್ಲಿ ಕಂಪನಿಯನ್ನು ಮುಳುಗಿಸಿದ್ದು ಹಳೆಯದನ್ನು ಬಿಡಲಾರದ ಸಂಕಟ.

ಲೆಕ್ಕಪತ್ರ

ಮದರ್‌ಬೋರ್ಡಿನ ಪ್ರಸಂಗ ನನಗೆ ತಿಳಿದಿರಲಿಲ್ಲ. ಕಳೆದುಹೋದ ಹಣದ ಹಿಂದೆ ಇನ್ನಷ್ಟು ಹಣ ಕಳಿಸುವ ಈ ಪ್ರವೃತ್ತಿಯನ್ನು ನನ್ನ ಕಕ್ಷಿದಾರರ ಸಣ್ಣ ಕಾರ್ಖಾನೆಗಳಲ್ಲೂ ಕಂಡಿದ್ದೇನೆ, ಹಾಗಾಗಿ ನಂಬಲು ಕಷ್ಟವಾಗುವುದಿಲ್ಲ. ಪತನಕ್ಕೆ ಕಾರಣಗಳು ಹಲವು ಎಂಬುದನ್ನು ಒಪ್ಪುತ್ತೇನೆ. ಆದರೆ ಹೊಸ ಮಾದರಿಯ ಸುದ್ದಿ ಹರಡಿದಾಗ ವ್ಯಾಪಾರಿಗಳು ಹಳೆಯದಕ್ಕೆ ಬೇಡಿಕೆ ಸಲ್ಲಿಸುವುದನ್ನು ಕಡಿಮೆ ಮಾಡಿದರು ಎಂಬುದನ್ನು ಆಸ್ಬಾರ್ನರ ಪರವಾದವರೂ ಪೂರ್ತಿ ಅಲ್ಲಗಳೆಯಲಾರರು. ಫಲಕದಿಂದ ಅದನ್ನು ತೆಗೆದುಹಾಕಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಅರುಣಾಚಲದಾರಿ

ನಾನು ಗೃಹಿಣಿ, ತಂತ್ರಜ್ಞಾನದವಳಲ್ಲ. ತಿರುವಣ್ಣಾಮಲೈ ಎಂಬ ಹೆಸರು ಕಂಡು ಇಲ್ಲಿಗೆ ಬಂದೆ. ಬೆಂಗಳೂರಿನಿಂದ ಗಿರಿಪ್ರದಕ್ಷಿಣೆಗೆಂದು ಇಪ್ಪತ್ತು ವರ್ಷಗಳಿಂದ ಹೋಗಿಬರುತ್ತಿರುವ ನಮಗೆ ಆಸ್ಬಾರ್ನ್ ಎಂದರೆ ಮೊದಲು ನೆನಪಾಗುವುದು ಆಡಮ್ ಅವರ ತಂದೆ ಆರ್ಥರ್ ಆಸ್ಬಾರ್ನ್. ಶ್ರೀ ರಮಣ ಮಹರ್ಷಿಗಳ ಜೀವನ ಮತ್ತು ಉಪದೇಶವನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದವರಲ್ಲಿ ಅವರು ಮುಖ್ಯರು. ರಮಣಾಶ್ರಮದಿಂದ 1964ರಲ್ಲಿ ಆರಂಭವಾದ ‘ದಿ ಮೌಂಟನ್ ಪಾತ್’ ಪತ್ರಿಕೆಯ ಸ್ಥಾಪಕ ಸಂಪಾದಕರು ಅವರೇ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಆರ್ಥರ್ ಬ್ಯಾಂಕಾಕಿನಲ್ಲಿ ಅಧ್ಯಾಪಕರಾಗಿದ್ದರು. ಪತ್ನಿ ಲೂಸಿಯಾ ಮೂವರು ಮಕ್ಕಳೊಡನೆ ತಿರುವಣ್ಣಾಮಲೈಯಲ್ಲಿ ಉಳಿದಿದ್ದಾಗ ಜಪಾನಿನ ಸೇನೆ ಥಾಯ್ಲೆಂಡನ್ನು ಹೊಕ್ಕು ಆರ್ಥರ್ ಅವರನ್ನು ಶಿಬಿರದಲ್ಲಿ ಬಂಧಿಸಿಟ್ಟಿತು. ಯುದ್ಧ ಮುಗಿದು 1945ರಲ್ಲಿ ಬಿಡುಗಡೆಯಾಗಿ ಅವರು ಕುಟುಂಬವನ್ನು ಸೇರಿಕೊಂಡರು. ಅಂದರೆ ಎರಡು ಮೂರು ವರ್ಷದ ಮಗುವಾಗಿದ್ದಾಗಿನಿಂದ ಆರು ವರ್ಷದವರೆಗೆ ಆಡಮ್ ತಂದೆಯ ಮುಖವನ್ನೇ ಕಂಡಿರಲಿಲ್ಲ; ಆ ವರ್ಷಗಳಲ್ಲಿ ಅವರ ಮನೆಯ ಎದುರಿಗಿದ್ದದ್ದು ಅರುಣಾಚಲ ಬೆಟ್ಟ, ಅಕ್ಕಪಕ್ಕದಲ್ಲಿದ್ದವರು ಆಶ್ರಮದ ಭಕ್ತರು. ಆಶ್ರಮಕ್ಕೆ ಸಂಬಂಧಿಸಿದ ಬರಹಗಳಲ್ಲಿ ಆಸ್ಬಾರ್ನ್ ಮಕ್ಕಳ ಪ್ರಸ್ತಾಪ ಅಲ್ಲಲ್ಲಿ ಬರುತ್ತದೆ.

ಕಂಪ್ಯೂಟರಿಗೂ ಇದಕ್ಕೂ ಏನು ಸಂಬಂಧವೆಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ತಂದೆ ಮಾಡಿದ್ದು ಕಠಿಣವಾದ ವಿಷಯವನ್ನು ತಿಳಿಯಾದ ಇಂಗ್ಲಿಷಿನಲ್ಲಿ ಹೊಸಬರಿಗೆ ಹೇಳುವ ಕೆಲಸ. ಮಗ ಬೇರೊಂದು ಕ್ಷೇತ್ರದಲ್ಲಿ ಮಾಡಿದ್ದೂ ಅದನ್ನೇ ಎಂದು ಮೇಲಿನ ಬರಹ ಓದಿ ಅನ್ನಿಸಿತು.

ಹಳೇಕೀಲಿಮಣೆ

ಅರುಣಾಚಲದಾರಿ ಅವರೇ, ನಾನು ಇಷ್ಟು ದಿನ ಯೋಚಿಸಿದರೂ ಹೊಳೆಯದಿದ್ದ ಮಾತನ್ನು ಹೇಳಿದಿರಿ, ತಾಯಿ. ತಮ್ಮ ಅನುಮತಿಯಿದ್ದರೆ ಈ ಹೋಲಿಕೆಯನ್ನು ಫಲಕದಲ್ಲಿ ಬಳಸಿಕೊಳ್ಳುತ್ತೇನೆ.

ಅರುಣಾಚಲದಾರಿ

ಖಂಡಿತ ಬಳಸಿಕೊಳ್ಳಿ. ಸಂತೋಷ.

ಕರಡುಪ್ರತಿ

ವಕೀಲಿ ವೃತ್ತಿಯಲ್ಲಿರುವ ನನಗೆ ಆಸ್ಬಾರ್ನ್ ಪರಿಚಯವಾದದ್ದು ಕಂಪ್ಯೂಟರಿನಿಂದಲ್ಲ, ಮೊಕದ್ದಮೆಯಿಂದ. ದಿವಾಳಿಯ ನಂತರದ ಬದುಕನ್ನು ಇಲ್ಲಿ ಯಾರೂ ಪ್ರಸ್ತಾಪಿಸಲಿಲ್ಲ, ಆ ಭಾಗ ಅಷ್ಟೇ ಮಹತ್ವದ್ದು.

1984ರಲ್ಲಿ ಅವರು ಪೇಪರ್‌ಬ್ಯಾಕ್ ಸಾಫ್ಟ್‌ವೇರ್ ಎಂಬ ಕಂಪನಿ ಸ್ಥಾಪಿಸಿದರು. ಹೆಸರೇ ಉದ್ದೇಶವನ್ನು ಹೇಳುತ್ತದೆ: ರಟ್ಟು ಹೊದಿಕೆಯ ದುಬಾರಿ ಪುಸ್ತಕದ ಬದಲು ಅಗ್ಗದ ಆವೃತ್ತಿ ಸಿಗುವಂತೆ, ತಂತ್ರಾಂಶವೂ ಪುಸ್ತಕದಂಗಡಿಯಲ್ಲಿ ಅಗ್ಗವಾಗಿ ಸಿಗಬೇಕು. ಆಗ ಲೆಕ್ಕದ ಹಾಳೆಯ ತಂತ್ರಾಂಶಗಳಲ್ಲಿ ರಾಜನಾಗಿದ್ದ ಲೋಟಸ್ 1-2-3ರ ಬೆಲೆ 495 ಡಾಲರ್. ಪೇಪರ್‌ಬ್ಯಾಕಿನ ವಿಪಿ-ಪ್ಲಾನರ್ ಬೆಲೆ 99.95 ಡಾಲರ್. ಲೋಟಸ್ ಕಲಿತವರು ಮರುಕಲಿಕೆಯಿಲ್ಲದೆ ಬಳಸಲೆಂದು ಅದರ ಆದೇಶಗಳ ಪಟ್ಟಿಯನ್ನು (ಮೆನು) ಲೋಟಸ್ಸಿನಂತೆಯೇ ಇಟ್ಟಿದ್ದರು. ಒಳಗಿನ ಸಂಕೇತಾವಳಿಯನ್ನು (ಕೋಡ್) ಬೇರೆಯಾಗಿಯೇ ಬರೆಯಲಾಗಿತ್ತು.

ಲೋಟಸ್ 1987ರಲ್ಲಿ ಮೊಕದ್ದಮೆ ಹೂಡಿತು. ಮ್ಯಾಸಚೂಸೆಟ್ಸಿನ ಜಿಲ್ಲಾ ನ್ಯಾಯಾಲಯದ ನ್ಯಾಯಾಧೀಶ ರಾಬರ್ಟ್ ಕೀಟನ್ 1990ರ ಜೂನಿನಲ್ಲಿ ಲೋಟಸ್ ಪರವಾಗಿ ತೀರ್ಪು ಕೊಟ್ಟರು. ಸಂಕೇತಾವಳಿ ಬೇರೆಯಾದರೂ, ಆದೇಶಗಳ ಆಯ್ಕೆ, ಜೋಡಣೆ ಮತ್ತು ಕ್ರಮ ಸ್ವತಃ ಒಂದು ಅಭಿವ್ಯಕ್ತಿಯಾಗಿದ್ದು ಹಕ್ಕುಸ್ವಾಮ್ಯದ ರಕ್ಷಣೆಗೆ ಅರ್ಹ ಎಂಬುದು ಅದರ ಸಾರ. ಮೊಕದ್ದಮೆ ನಡೆಯುತ್ತಿದ್ದ ವರ್ಷಗಳಲ್ಲೇ ಕಂಪನಿ ಸೊರಗಿತ್ತು. ತೀರ್ಪಿಗೆ ಕೆಲವು ತಿಂಗಳ ಮೊದಲು ಆಸ್ಬಾರ್ನ್ ಹುದ್ದೆಯಿಂದ ಕೆಳಗಿಳಿದಿದ್ದರು.

ನನ್ನನ್ನು ಕಾಡುವುದು ಮುಂದಿನ ಬೆಳವಣಿಗೆ. ಇದೇ ಲೋಟಸ್ ಬೋರ್ಲ್ಯಾಂಡ್ ಕಂಪನಿಯ ವಿರುದ್ಧವೂ ದಾವೆ ಹೂಡಿತು, ಇದೇ ನ್ಯಾಯಾಧೀಶರು ಲೋಟಸ್ ಪರವಾಗಿಯೇ ತೀರ್ಪಿತ್ತರು. ಬೋರ್ಲ್ಯಾಂಡ್ ಮೇಲ್ಮನವಿ ಸಲ್ಲಿಸಿತು. 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಕೆಳಗಿನ ತೀರ್ಪನ್ನು ತಳ್ಳಿಹಾಕಿ, ಆದೇಶಗಳ ಪಟ್ಟಿಯು ಯಂತ್ರವನ್ನು ನಡೆಸುವ ವಿಧಾನವಾಗಿರುವುದರಿಂದ ಅದಕ್ಕೆ ಹಕ್ಕುಸ್ವಾಮ್ಯವಿಲ್ಲ ಎಂದಿತು. 1996ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ನಾಲ್ಕು-ನಾಲ್ಕಾಗಿ ಸಮನಾಗಿ ಒಡೆದದ್ದರಿಂದ ಆ ತೀರ್ಪೇ ಉಳಿಯಿತು. ಅಂದರೆ ಆಸ್ಬಾರ್ನ್ ನಿಂತಿದ್ದ ನೆಲ ಗಟ್ಟಿಯಾಗಿಯೇ ಇತ್ತೆಂದು ಆರು ವರ್ಷಗಳ ನಂತರ ತಿಳಿಯಿತು. ಅಷ್ಟರಲ್ಲಿ ಅವರ ಕಂಪನಿ ಇರಲಿಲ್ಲ. ಕಕ್ಷಿದಾರರಿಗೆ ‘ತಡವಾದ ನ್ಯಾಯ’ದ ಬಗ್ಗೆ ಹೇಳಬೇಕಾದಾಗಲೆಲ್ಲ ನನಗೆ ಈ ಪ್ರಕರಣ ನೆನಪಾಗುತ್ತದೆ.

ಪ್ರಥಮವರ್ಷ

ಕರಡುಪ್ರತಿ ಅವರೇ, ಇದನ್ನು ಓದಿ ನನಗೆ ತುಂಬಾ ಬೇಸರವಾಯಿತು. ಆಮೇಲೆ ಅವರು ಏನಾದರು?

ಹಳೇಕೀಲಿಮಣೆ

ಮಗು, ಅವರು ಮತ್ತೊಮ್ಮೆ ಪ್ರಯತ್ನಿಸಿದರು. 1992ರ ಹೊತ್ತಿಗೆ ಕೃತಕ ಬುದ್ಧಿಮತ್ತೆ ಮತ್ತು ನರಜಾಲಗಳ ಮೇಲೆ ಕೆಲಸ ಮಾಡಲು ನೊಎಟಿಕ್ಸ್ ಎಂಬ ತಂತ್ರಾಂಶ ಕಂಪನಿ ಆರಂಭಿಸಿದರು. ಇಂದು ಎಲ್ಲರ ಬಾಯಲ್ಲಿರುವ ವಿಷಯದ ಬಾಗಿಲನ್ನು ಅವರು ಆಗಲೇ ತಟ್ಟಿದ್ದರು. ಆದರೆ ಆರೋಗ್ಯ ಕೈಕೊಟ್ಟಿತು. ಮಿದುಳಿಗೆ ಸಂಬಂಧಿಸಿದ ಕಾಯಿಲೆಯಿಂದ ಮತ್ತೆ ಮತ್ತೆ ಸಣ್ಣ ಸಣ್ಣ ಪಾರ್ಶ್ವವಾಯುವಿನ ಆಘಾತಗಳಾದವು. ಅವರು ಭಾರತಕ್ಕೆ ಮರಳಿ ಬಂದು ಕೊಡೈಕನಾಲ್‌ನಲ್ಲಿ ಸಹೋದರಿಯ ಆಶ್ರಯದಲ್ಲಿ ಉಳಿದರು. ಸುಮಾರು ಹತ್ತು ವರ್ಷಗಳ ನಂತರ, 2003ರ ಮಾರ್ಚ್ 18ರಂದು, ಅಲ್ಲಿಯೇ ನಿದ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ ಅರವತ್ತನಾಲ್ಕು ವರ್ಷ.

ಆ ಹತ್ತು ವರ್ಷ ನಾವೆಲ್ಲ ವಿದ್ಯಾರ್ಥಿಗಳಿಗೆ ವೈಯಕ್ತಿಕ ಕಂಪ್ಯೂಟರಿನ ಇತಿಹಾಸವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆವು. ಆ ಇತಿಹಾಸದ ಒಬ್ಬ ವ್ಯಕ್ತಿ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ತಲುಪುವ ಊರಿನಲ್ಲಿ ಇದ್ದರೆಂದು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ.

ಟೈಪಿಂಗ್ಕ್ಲಾಸು

ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. 1991ರಲ್ಲಿ ದಾವಣಗೆರೆಯ ಒಂದು ಟೈಪಿಂಗ್ ಶಾಲೆಯಲ್ಲಿ ಹೊಸದಾಗಿ ಎರಡು ಕಂಪ್ಯೂಟರ್ ತರಿಸಿ ‘ವರ್ಡ್‌ಸ್ಟಾರ್, ಲೋಟಸ್ ಕಲಿಸಲಾಗುವುದು’ ಎಂದು ಫಲಕ ಹಾಕಿದ್ದರು. ನಾನು ಅಲ್ಲಿ ಕಲಿತವಳು. ಕಂಟ್ರೋಲ್ ಕೆ ಬಿ ಒತ್ತಿದರೆ ಭಾಗದ ಆರಂಭ, ಕಂಟ್ರೋಲ್ ಕೆ ಕೆ ಒತ್ತಿದರೆ ಅಂತ್ಯ, ಕಂಟ್ರೋಲ್ ಕೆ ಡಿ ಒತ್ತಿದರೆ ಉಳಿಸಿ ಮುಗಿಸುವುದು. ಇ, ಎಸ್, ಡಿ, ಎಕ್ಸ್ ಎಂಬ ನಾಲ್ಕು ಕೀಲಿಗಳಿಂದ ಮೇಲೆ, ಎಡಕ್ಕೆ, ಬಲಕ್ಕೆ, ಕೆಳಗೆ. ಮೂವತ್ತು ವರ್ಷವಾದರೂ ಬೆರಳು ಮರೆತಿಲ್ಲ. ಆ ವಿದ್ಯೆಯಿಂದಲೇ ನನಗೆ ಮೊದಲ ಉದ್ಯೋಗ ಸಿಕ್ಕಿತು. ಅದೇ ವರ್ಡ್‌ಸ್ಟಾರನ್ನು ಹತ್ತು ವರ್ಷ ಮೊದಲೇ ಯಂತ್ರದ ಬೆಲೆಯೊಳಗೆ ಸೇರಿಸಿ ಕೊಟ್ಟವರು ಇವರೆಂದು ಇಂದು ತಿಳಿಯಿತು. ಪ್ರದರ್ಶನಕ್ಕೆ ಬರಬಹುದೆ?

ಹಳೇಕೀಲಿಮಣೆ

ಅವಶ್ಯವಾಗಿ ಬನ್ನಿ, ಮೇಡಂ. ದಿನಾಂಕ ಗೊತ್ತಾದ ಕೂಡಲೇ ಇಲ್ಲಿಯೇ ತಿಳಿಸುತ್ತೇನೆ.

ಫಲಕವನ್ನು ಹೀಗೆ ಬದಲಿಸಲು ಆ ಹುಡುಗಿಯೊಡನೆ ಮಾತನಾಡಿದ್ದೇನೆ. ಮೊದಲಿಗೆ ತಿರುವಣ್ಣಾಮಲೈ ಮತ್ತು ತಂದೆಯ ಬರವಣಿಗೆ, ಆಮೇಲೆ ಯಂತ್ರದ ಜೊತೆ ಹೋಗುತ್ತಿದ್ದ ಪುಸ್ತಕ, ಆಮೇಲೆ 52 ಅಕ್ಷರದ ಕಿಟಕಿ ಮತ್ತು 1,795 ಡಾಲರಿನ ಲೆಕ್ಕ, ಫೆಲ್ಸೆನ್‌ಸ್ಟೀನ್ ಅವರ ಹೆಸರು ದಪ್ಪಕ್ಷರದಲ್ಲಿ. ಲೆಕ್ಕಪತ್ರ ಅವರ ಕೋರಿಕೆಯಂತೆ ಆಸ್ಬಾರ್ನ್ ಪರಿಣಾಮವೂ ಇರುತ್ತದೆ, ಕೇಪ್ರೊ, ಕಾಂಪ್ಯಾಕ್ ಮತ್ತು ಲೆಕ್ಕದ ಅಶಿಸ್ತಿನ ಜೊತೆಯಲ್ಲಿ. ಕೊನೆಯಲ್ಲಿ ಲೋಟಸ್ ಮೊಕದ್ದಮೆ ಮತ್ತು ಕೊಡೈಕನಾಲ್. ಸಂಕೇತಾವಳಿಯ ಬಗ್ಗೆ ಒಂದು ವಾಕ್ಯವನ್ನು ಕರಡುಪ್ರತಿ ಅವರು ಪರಿಶೀಲಿಸಿಕೊಟ್ಟರೆ ಉಪಕಾರವಾದೀತು.

ಬೆಸುಗೆಗಾರ

ಗುರುಗಳೇ, ಆಸ್ಬಾರ್ನ್ ಯಂತ್ರವನ್ನು ತರಲು ಆ ಸಂಗ್ರಾಹಕರು ಒಪ್ಪಲಿಲ್ಲ. ಪರದೆಯ ನಳಿಕೆ ಹಳೆಯದು, ಪ್ರಯಾಣದಲ್ಲಿ ಏನಾದರೂ ಆದರೆ ಬದಲಿ ಸಿಗದು ಎಂಬ ಅವರ ಭಯ ನ್ಯಾಯವಾದದ್ದೇ. ಬದಲಾಗಿ ನನ್ನ ಬಳಿ ಇರುವ ಐದೂಕಾಲು ಇಂಚಿನ ಡ್ರೈವು, ಎರಡು ಫ್ಲಾಪಿ ಮತ್ತು 52 ಅಕ್ಷರದ ಅಗಲಕ್ಕೆ ಕತ್ತರಿಸಿದ ಒಂದು ರಟ್ಟಿನ ಕಿಟಕಿ ತರುತ್ತೇನೆ. 128 ಅಕ್ಷರದ ಸಾಲುಗಳನ್ನು ಅಚ್ಚುಹಾಕಿದ ದೊಡ್ಡ ಹಾಳೆಯ ಮೇಲೆ ಮಕ್ಕಳು ಅದನ್ನು ಸರಿಸಿ ಓದಬಹುದು. ಹಾಳೆಯಲ್ಲಿ ಅಚ್ಚುಹಾಕಲು ಯಾವ ಪಠ್ಯ ಬೇಕೆಂದು ಶನಿವಾರದೊಳಗೆ ತಿಳಿಸಿ.